ರೋಗಿಗಳಿಲ್ಲದ ಊರಿನ ವೈದ್ಯ

ಕರಡಿಹಾಳದ ವೈದ್ಯ ಶಿದ್ಲಿಂಗಪ್ಪನವರು ಪ್ರಾತಃಕಾಲದ ಸ್ನಾನ ಮತ್ತು ಲಿಂಗಪೂಜೆಗಳನ್ನು ಮುಗಿಸಿ, ಹೆಬ್ಬಾಗಿಲಿನ ಅಗುಳಿಯ ಮೇಲೆ ಕೈಯಿಟ್ಟು, ಅದನ್ನು ಸರಿಸುವ ಮೊದಲು ಕಣ್ಣು ಮುಚ್ಚಿ ಒಂದು ಪ್ರಾರ್ಥನೆಯನ್ನು ಸಲ್ಲಿಸುತ್ತಿದ್ದರು: ‘ಶಿವನೇ, ಇಂದು ಈ ಬಾಗಿಲಿಗೆ ಯಾರೂ ಬರುವಂತಾಗದಿರಲಿ.’ ವಿದ್ಯೆ ಕಲಿಸಿದ ಗುರುಗಳು ಬೀಳ್ಕೊಡುವಾಗ ದಕ್ಷಿಣೆಯಾಗಿ ಕೇಳಿದ್ದು ಈ ಮಾತೊಂದನ್ನೇ. ಅನ್ಯರ ನೋವಿನ ಆಸರೆಯಲ್ಲಿ ಅನ್ನವುಣ್ಣುವವನು ಆ ನೋವನ್ನು ಬಯಸುವವನಾಗಬಾರದು. ಬಯಸದಿರುವುದು ಸುಲಭದ ಗುಣವಲ್ಲವಾದುದರಿಂದ ಅದನ್ನು ದಿನವೂ ಅಭ್ಯಾಸ ಮಾಡಬೇಕು, ಎಂದು ಅವರು ವಿಧಿಸಿದ್ದರು. ಪ್ರಾರ್ಥನೆ ಮುಗಿದು ಬಾಗಿಲು ತೆರೆದರೆ ಅಂಗಳದ ತುಂಬ ಜನ ಕುಳಿತಿರುತ್ತಿದ್ದರು. ಆಗ ಒಳಗಿನಿಂದ ಮಡದಿ ಸೀತವ್ವನ ಧ್ವನಿ ಕೇಳುತ್ತಿತ್ತು:

“ನಿಮ್ಮ ಪ್ರಾರ್ಥನಾಕ್ಕ ಶಿವನ ಮನಿ ಹಾದಿ ಸಿಗವಲ್ದು ನೋಡ್ರಿ. ಇವತ್ತೂ ಅಂಗಳ ತುಂಬೇತಿ.”

ಶಿದ್ಲಿಂಗಪ್ಪನವರು ನಕ್ಕು ಮೊದಲ ರೋಗಿಯ ಕೈ ಹಿಡಿಯುತ್ತಿದ್ದರು.

ಆ ಮನೆತನಕ್ಕೆ ಹಿಂದೆಂದೋ ಒಬ್ಬ ದೇಸಾಯಿ ಹಳ್ಳದ ದಂಡೆಯಲ್ಲಿ ಒಂದು ಹೊಲವನ್ನು ಇನಾಮು ಕೊಟ್ಟಿದ್ದನು. ಔಷಧಕ್ಕೆ ಬೆಲೆ ಕಟ್ಟದೆ ಊರಿಗೆ ವೈದ್ಯ ಮಾಡಬೇಕೆಂಬುದು ಅದರ ಕರಾರು. ಹೊಲದ ಬೆಳೆಯಿಂದ ಔಷಧ, ಔಷಧದಿಂದ ಊರು, ಹೀಗೆ ತಲೆಮಾರುಗಳು ನಡೆದಿದ್ದವು. ಸ್ವರಾಜ್ಯ ಬಂದ ಮೇಲೆ ಮುಂಬಯಿ ಸರಕಾರವು ಇನಾಮುಗಳನ್ನು ರದ್ದುಪಡಿಸಿತು, ಹೊಲವೂ ಕೈಬಿಟ್ಟಿತು. ಶಿದ್ಲಿಂಗಪ್ಪನವರು ಅದಕ್ಕಾಗಿ ಸರಕಾರವನ್ನು ಜರಿಯಲಿಲ್ಲ. ನೇಗಿಲು ಹಿಡಿಯದವನ ಹೆಸರಿನಲ್ಲಿ ನೆಲವಿರಬಾರದೆಂಬುದು ಧರ್ಮಸಮ್ಮತವೇ ಎಂದು ಅವರೇ ಚಾವಡಿಯಲ್ಲಿ ಹೇಳಿದ್ದರು. ಆದರೆ ಹಿಪ್ಪಲಿ, ತುಪ್ಪ, ಜೇನುಗಳು ಧರ್ಮದಿಂದ ದೊರೆಯುವುದಿಲ್ಲ. ಅವನ್ನು ಮೂಡಲಗಿಯ ಸಂತೆಯಲ್ಲಿ ಕೊಳ್ಳಬೇಕು. ಜನರು ತಂದೀಯುತ್ತಿದ್ದ ಜೋಳ ಇಬ್ಬರ ಹೊಟ್ಟೆಗೆ ಸಾಲುತ್ತಿತ್ತು, ಕಪಾಟಿಗೆ ಸಾಲುತ್ತಿರಲಿಲ್ಲ. ಡಬ್ಬಿಗಳು ಒಂದರ ಹಿಂದೊಂದು ಬರಿದಾದವು. ಜೇನಿನಲ್ಲಿ ಕಲಸಿಕೊಳ್ಳಿರೆಂದು ಹೇಳಬೇಕಾದಲ್ಲಿ ಅವರು ಬೆಲ್ಲದಲ್ಲಿ ಎಂದು ಹೇಳತೊಡಗಿದರು. ಹಾಗೆ ಹೇಳುವಾಗ ರೋಗಿಯ ಮುಖವನ್ನು ನೋಡುತ್ತಿರಲಿಲ್ಲ.

ಹುಕ್ಕೇರಿಯಲ್ಲಿ ಗಿಡಮೂಲಿಕೆಯ ದೊಡ್ಡ ಅಂಗಡಿಯನ್ನಿಟ್ಟಿದ್ದ ಸಾವಕಾರ ಸತ್ಯಪ್ಪ ಎರಡು ಸಲ ಹೇಳಿಕಳುಹಿಸಿದ್ದನು: ವೈದ್ಯರು ಬಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತು ನಾಡಿ ನೋಡಲಿ, ಅವರು ಹೇಳಿದ ಔಷಧವನ್ನು ತಾನು ಮಾರುತ್ತೇನೆ, ತಿಂಗಳ ಪಗಾರ ಗೊತ್ತುಮಾಡೋಣ. ಶಿದ್ಲಿಂಗಪ್ಪನವರು ಎರಡು ಸಲವೂ ಉತ್ತರ ಕೊಟ್ಟಿರಲಿಲ್ಲ.

ಅಷ್ಟರಲ್ಲಿ ಒಂದು ಸುದ್ದಿ ಬಂದಿತು. ದವಾಖಾನೆಯಿಲ್ಲದ ಹಳ್ಳಿಯಲ್ಲಿ ನೆಲೆಸಿ ಬಡವರಿಗೆ ಪುಕ್ಕಟೆ ಔಷಧ ಕೊಡುವ ಖಾಸಗಿ ವೈದ್ಯರಿಗೆ ಸರಕಾರವು ಮಾಸಿಕ ಅನುದಾನವನ್ನೂ ಔಷಧದ ಖರ್ಚನ್ನೂ ಕೊಡಲಿದೆ ಎಂದು. ಇನಾಮು ಹೋದಲ್ಲಿ ಇನ್ನೊಂದು ರೂಪದಿಂದ ಶಿವನೇ ಕೈ ಚಾಚಿದ್ದಾನೆಂದು ಅವರಿಗೆ ತೋರಿತು. ಗೋಕಾಕಕ್ಕೆ ಹೋಗಿ ಅರ್ಜಿ ಕೊಟ್ಟರು. ಅಲ್ಲಿನ ಕಾರಕೂನನು ಕನ್ನಡಕದ ಮೇಲಿನಿಂದ ನೋಡಿ ಕೇಳಿದನು:

“ರೋಗಿಗಳ ನೋಂದಿ ಪುಸ್ತಕ ಎಲ್ಲಿ?”

“ನೋಂದಿ ಇಡೂದಿಲ್ರಿ ನಾ. ರೋಗಿ ಹೇಳಿದ್ದು ವೈದ್ಯನ ಕಿವಿಯಾಗ ಇರಬೇಕು, ಕಾಗದದ ಮ್ಯಾಲ ಬರಬಾರದು ಅಂತ ನಮ್ಮ ಗುರುಗಳ ಅಪ್ಪಣಿ.”

“ಚೊಲೊ ಆತು. ಹಂಗಾರ ಬರೂ ಸೋಮವಾರ ಸಾಹೇಬ್ರು ಖುದ್ದ ಬಂದ ನೋಡ್ತಾರ. ಅವ್ರ ಕಣ್ಣಿಗೆ ಎಷ್ಟ ಮಂದಿ ಬ್ಯಾನಿಯವ್ರು ಬೀಳ್ತಾರ, ಎಲ್ಲಾ ಅದರ ಮ್ಯಾಲ ಐತಿ. ಈ ತಾಲೂಕಿಗೆ ಒಬ್ರಿಗಷ್ಟ ಕೊಡಾಕ ಬರ್ತೈತಿ. ಬಾಳ ಮಂದಿ ಕೇಳ್ಯಾರ, ತಿಳೀತಿಲ್ಲ?”

ಊರಿಗೆ ಮರಳಿ ಮಡದಿಗೆ ಇದನ್ನು ತಿಳಿಸಿದಾಗ ಸೀತವ್ವ ಹಿಟ್ಟಿನ ಕೈ ತೊಳೆದುಕೊಂಡು ಎದುರಿಗೆ ಬಂದು ನಿಂತಳು.

“ಹಂಗಾದ್ರ ಊರ ಮಂದಿಗೆ ಒಂದ ಮಾತ ಹೇಳಿ ಇಡ್ರಿ. ಅವತ್ತ ಒಬ್ರೂ ತಪ್ಪಬ್ಯಾಡ್ರಿ ಅಂತ.”

“ಏನಂತ ಹೇಳ್ಲಿ? ದನದ ಸಂತ್ಯಾಗ ನಿಲ್ಲಿಸಿದಂಗ ಬ್ಯಾನಿಯವ್ರನ್ನ ಸಾಲಾಗಿ ನಿಲ್ಲಿಸಿ ನನ್ನ ಹೊಟ್ಟಿ ತುಂಬಸ್ರಿ ಅಂತ ಹೇಳ್ಲೇನ? ದಿನಾ ಬರಾವ್ರು ಅವತ್ತೂ ಬರ್ತಾರ.”

“ಬರ್ತಾರ ಖರೆ. ಆದ್ರೂ ಒಂದ ಮಾತ...”

“ಸೀತವ್ವಾ, ವೈದ್ಯ ರೋಗಿನ್ನ ಕರೀಬಾರದು.”

ಆಕೆ ಮತ್ತೆ ಹಿಟ್ಟಿನ ಕಡೆಗೆ ತಿರುಗಿದಳು.

ಆದುದರಿಂದ ಅವರು ಚಾವಡಿಯಲ್ಲಿ ಹೇಳಿದ್ದು ಇಷ್ಟೇ: ಬರುವ ಸೋಮವಾರ ಸಾಹೇಬರೊಬ್ಬರು ಬಂದು ನನ್ನ ವೈದ್ಯವನ್ನು ತಪಾಸಣೆ ಮಾಡುವವರಿದ್ದಾರೆ; ಅವರ ಮನಸ್ಸಿಗೆ ಬಂದರೆ ಸರಕಾರದಿಂದ ಗ್ರಾಂಟು ದೊರೆಯುತ್ತದೆ.

ಊರ ಗೌಡ ಪರಪ್ಪನು ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿ ಕೇಳಿದನು: “ಅಂದ್ರ ನಿಮ್ಮ ಪರೀಕ್ಷಾನ ಅನ್ರಿ?”

“ಹಂಗ ತಿಳೀರಿ ಗೌಡ್ರ.”

“ಹಂಗಾದ್ರ ಅದು ನಿಮ್ಮ ಪರೀಕ್ಷಾ ಅಲ್ರಿ, ಊರಿನ ಪರೀಕ್ಷಾ. ನೀವು ಬೇಫಿಕೀರ ಇರ್ರಿ. ಹಿಂದ ಮಾಮಲೇದಾರ ಸಾಹೇಬ್ರು ಬಂದಾಗ ಏನಾತು ನೆನಪೈತಿಲ್ಲ? ಈ ಯಲ್ಲಪ್ಪನ ಕುಂಟ ಎತ್ತ ಚಾವಡಿ ಮುಂದ ಬಂದ ನಿಂತಿತ್ತು. ‘ಏನ್ರಿ ಗೌಡ್ರ, ನಿಮ್ಮೂರಾಗ ಎತ್ತಿಗೆ ಸುದ್ದಾ ಹೊಟ್ಟಿಗಿಲ್ಲೇನು’ ಅಂದ್ರು. ಎದಿಗೆ ಒದ್ದಂಗ ಆತು ನನಗ.”

ಚಾವಡಿಯ ಆಳು, ವಾಲಿಕಾರ ಯಲ್ಲಪ್ಪ ಕಂಬದ ಮರೆಯಿಂದ ಗೊಣಗಿದನು: “ಅದು ಹುಟ್ಟಾ ಕುಂಟ ಇತ್ರಿ. ಹೊಟ್ಟಿಗೆ ನನಕಿಂತಾ ಚೊಲೊ ತಿಂತಿತ್ತು.”

“ನಿನಕಿಂತಾ ಚೊಲೊ ದುಡೀತಿತ್ತು ಅನ್ನು,” ಎಂದನು ಗೌಡ. ಎಲ್ಲರೂ ನಕ್ಕರು. ಶಿದ್ಲಿಂಗಪ್ಪನವರೂ ನಕ್ಕು ಎದ್ದುಹೋದರು. ಆ ನಗೆಯ ಹಿಂದೆ ಗೌಡನ ಮನಸ್ಸಿನಲ್ಲಿ ಯಾವ ಸಂಕಲ್ಪ ಮೂಡಿತ್ತೆಂಬುದನ್ನು ಅವರು ಊಹಿಸಲಿಲ್ಲ.

ಸೋಮವಾರ ಬಂದಿತು. ಸೀತವ್ವ ಕತ್ತಲಿರುವಾಗಲೇ ಅಂಗಳ ಸಾರಿಸಿ ರಂಗವಲ್ಲಿಯಿಟ್ಟು ಒಳಗೆ ಬಂದಿದ್ದಳು. ಶಿದ್ಲಿಂಗಪ್ಪನವರು ಪೂಜೆಯನ್ನು ಮುಗಿಸಿ ಅಗುಳಿಯ ಮೇಲೆ ಕೈಯಿಟ್ಟರು, ನಾಲಿಗೆ ಏಳಲಿಲ್ಲ. ಇಂದು ಈ ಬಾಗಿಲಿಗೆ ಯಾರೂ ಬಾರದಿದ್ದರೆ ಈ ಬಾಗಿಲೇ ಉಳಿಯಲಾರದು. ಒಂದು ದಿನದ ಮಟ್ಟಿಗೆ ಆ ಮಾತನ್ನು ಬಿಟ್ಟರೆ ಗುರುದ್ರೋಹವೆನಿಸದು. ನಾಳೆಯಿಂದ ಎಂದಿನಂತೆ ನುಡಿಯಬಹುದು. ಹೀಗೆ ಮನಸ್ಸು ವಾದಿಸಿತು. ನಷ್ಟವಿಲ್ಲದಾಗ ಮಾತ್ರ ನುಡಿಯುವುದಾದರೆ ಇಷ್ಟು ವರ್ಷ ತಾನು ನುಡಿದದ್ದು ಬರಿಯ ಬಾಯಿಪಾಠವಾಯಿತಲ್ಲ ಎಂದು ಕೊನೆಗೆ ನಾಚಿದರು. ಪ್ರಾರ್ಥನೆಯನ್ನು ಪೂರ್ತಿಯಾಗಿ, ಒಂದಕ್ಷರ ನುಂಗದೆ, ಸಲ್ಲಿಸಿ ಬಾಗಿಲು ತೆರೆದರು.

ಅಂಗಳ ಬರಿದಾಗಿತ್ತು.

ಬಾಗಿಲಿಗೆ ಯಾರೋ ಮಾವಿನ ತೋರಣ ಕಟ್ಟಿದ್ದರು. ಓಣಿಯುದ್ದಕ್ಕೂ ನೀರು ಚಿಮುಕಿಸಿದ್ದರು. ತಲೆಗೆ ಹೊಸ ಪಟಗ ಸುತ್ತಿಕೊಂಡ ಯಲ್ಲಪ್ಪನೊಬ್ಬನೇ ಗೋಡೆಗೆ ಆತು ನಿಂತಿದ್ದನು.

“ಯಲ್ಲಪ್ಪಾ, ಮಂದಿ ಎಲ್ಲಿ?”

“ಎಲ್ಲಾರೂ ಆರಾಮ ಅದಾರ್ರಿ, ವೈದ್ಯರ,” ಎಂದು ಅವನು ಕಣ್ಣು ಮಿಟುಕಿಸಿದನು.

ಅವರು ಇನ್ನೇನನ್ನಾದರೂ ಕೇಳುವಷ್ಟರಲ್ಲಿ ಊರಬಾಗಿಲಾದ ಅಗಸಿಯ ಕಡೆಯಿಂದ ಜೀಪಿನ ಸದ್ದು ಕೇಳಿತು. ತಪಾಸಣೆಗೆ ಬಂದ ಅಧಿಕಾರಿ ನಡುವಯಸ್ಸಿನ ಡಾಕ್ಟರರು. ಬಿಸಿಲಿನಿಂದ ಬಳಲಿದ, ಆದರೆ ಒರಟಲ್ಲದ ಮನುಷ್ಯ. ಕಟ್ಟೆಯ ಮೇಲೆ ಕುಳಿತು ಶಿದ್ಲಿಂಗಪ್ಪನವರ ಕಪಾಟನ್ನೂ ಔಷಧ ಅರೆಯುವ ಕಲ್ಬತ್ತನ್ನೂ ನೋಡಿದರು, ಕಷಾಯದ ಪಾತ್ರೆಗಳ ಶುಚಿಯನ್ನು ಮೆಚ್ಚಿದರು. ಅನಂತರ ಓಣಿಯ ಕಡೆ ಮುಖಮಾಡಿ ಕಾದರು. ನೆರಳು ಕಟ್ಟೆಯಿಂದ ಇಳಿದು ಅಂಗಳದ ನಡುವಿಗೆ ಸರಿಯಿತು.

“ನಿಮ್ಮ ವಿದ್ಯಾದ ಬಗ್ಗೆ ನನಗ ಸಂಶಯ ಇಲ್ರಿ,” ಎಂದರು ಅವರು, “ಆದ್ರ ಇಷ್ಟೊತ್ತನಕ ಕೂತೇನಿ, ಒಂದ ನರಪಿಳ್ಳಿ ಬರಲಿಲ್ಲ.”

ಇದಕ್ಕಾಗಿಯೇ ಕಾಯುತ್ತಿದ್ದವನಂತೆ ಪರಪ್ಪಗೌಡ ಮುಂದೆ ಬಂದನು. ಅವನ ಹಿಂದೆ ಊರಿನ ಗಟ್ಟಿಮುಟ್ಟಾದ ಗಂಡಸರೆಲ್ಲ ಒಗೆದ ಅಂಗಿ ತೊಟ್ಟು ನಿಂತಿದ್ದರು.

“ಬರೂದ ಹೆಂಗ್ರಿ ಸಾಹೇಬ್ರ? ನಮ್ಮ ವೈದ್ಯರ ಕೈಗುಣ ಅಂಥಾದ್ದೈತಿ. ಈ ಊರಾಗ ಬ್ಯಾನಿ ಅನ್ನೂದು ಹೆಸರಿಗಿಲ್ಲ. ಇವ್ರ ಹೆಸರ ಕೇಳಿದ್ರ ಜ್ವರ ಅಗಸಿ ಹೊರಗಿಂದನ ಹೊಳ್ಳಿ ಹೋಕ್ಕೈತಿ.”

“ಖರೇನ?”

“ಸುಳ್ಳ ಯಾಕ ಹೇಳ್ಲಿ? ಏ ಲಗಮಪ್ಪಾ, ಬಾ ಇಲ್ಲೆ. ಸಾಹೇಬ್ರಿಗೆ ತೋರಸು.”

ಲಗಮಪ್ಪ ಮುಂದೆ ಬಂದನು. ಮೂರು ವಾರ ಜ್ವರದಲ್ಲಿ ನರಳಿ, ಮೊನ್ನೆಯಷ್ಟೇ ಗಂಜಿಯ ಪಥ್ಯಕ್ಕೆ ಬಂದಿದ್ದವನು ಅವನು. ಗುಡಿಯ ಮುಂದಿನ ಸಂಗ್ರಾಣಿ ಕಲ್ಲನ್ನು ಹುಡುಗರು ಉರುಳಿಸಿಕೊಂಡು ತಂದಿದ್ದರು. ಶಕ್ತಿಪರೀಕ್ಷೆಗೆಂದು ತರುಣರು ಎತ್ತುವ ಕಲ್ಲದು. ಶಿದ್ಲಿಂಗಪ್ಪನವರು “ಬ್ಯಾಡೋ” ಎನ್ನುವಷ್ಟರಲ್ಲಿ ಅವನು ಅದನ್ನು ಎದೆಯವರೆಗೆ ಎತ್ತಿದ್ದನು. ಜನ ಹೋ ಎಂದಿತು. ಕಲ್ಲು ಕೆಳಗಿಳಿಸಿದವನು ನಗುತ್ತ ಗೋಡೆಯನ್ನು ಹಿಡಿದುಕೊಂಡನು; ಅವನ ಮೊಳಕಾಲುಗಳು ನಡುಗುತ್ತಿದ್ದುದನ್ನು ನೋಡಿದವರು ವೈದ್ಯರೊಬ್ಬರೇ.

“ಸಾಹೇಬ್ರ,” ಎಂದರು ಶಿದ್ಲಿಂಗಪ್ಪನವರು, “ಇವ್ರು ನನ್ನ ಮ್ಯಾಲಿನ ಅಭಿಮಾನಕ್ಕ ಹಿಂಗಂತಾರ. ಊರಾಗ ಬ್ಯಾನಿಯವ್ರು ಅದಾರ್ರಿ. ಬಾಳ ಮಂದಿ ಅದಾರ.”

ಗೌಡನು ತಲೆಯಲ್ಲಾಡಿಸಿದನು. “ನೋಡ್ರಿ ಸಾಹೇಬ್ರ, ಎಷ್ಟ ಸಣ್ಣಾಗಿ ಮಾತಾಡ್ತಾರ. ದೊಡ್ಡವ್ರ ಲಕ್ಷಣ.”

ಅಧಿಕಾರಿಯ ಮುಖದಲ್ಲಿ ಮೊದಲ ಬಾರಿಗೆ ಒಂದು ಬೇಸರ ಕಂಡಿತು. ಗ್ರಾಂಟಿನ ಆಸೆಗೆ ಇಲ್ಲದ ರೋಗಿಗಳ ಲೆಕ್ಕ ಹೇಳುವ ಅನೇಕ ವೈದ್ಯರನ್ನು ಅವರು ಆ ತಿಂಗಳಲ್ಲಿ ಕಂಡಿದ್ದರು. “ಹಂಗಾರ ತೋರಸ್ರಿ. ಒಬ್ರನ್ನರ ತೋರಸ್ರಿ,” ಎಂದು ಎದ್ದರು.

ಶಿದ್ಲಿಂಗಪ್ಪನವರಿಗೆ ಮುದಕವ್ವನ ನೆನಪಾಯಿತು. ಬಡಿಗೇರ ಓಣಿಯ ಕೊನೆಯ ಮನೆಯ ಆ ಮುದುಕಿ ದಮ್ಮಿನ ಬೇನೆಯಿಂದ ವರ್ಷಗಟ್ಟಲೆ ಮೂಲೆ ಹಿಡಿದಿದ್ದಳು. ಕೆಮ್ಮು ಬಿಡುವು ಕೊಡದಿದ್ದುದರಿಂದ ಒಂದು ಮಾತನ್ನು ಮೂರು ತುಂಡಾಗಿ ಆಡುತ್ತಿದ್ದಳು. ಆಕೆಯನ್ನು ಯಾರೂ ಎಲ್ಲಿಗೂ ಒಯ್ಯಲಾರರು. ಅವರು ಅಧಿಕಾರಿಯನ್ನು ಕರೆದುಕೊಂಡು ನಡೆದರು. ಊರೆಲ್ಲ ಹಿಂದೆ ಬಂದಿತು. ರೋಗಿಯನ್ನು ತೋರಿಸಲು ಹೋಗುವುದಿಲ್ಲವೆಂದವನು ಈಗ ಅದನ್ನೇ ಮಾಡುತ್ತಿದ್ದೇನೆ ಎಂಬ ಅರಿವು ಅವರ ಹೆಜ್ಜೆಯನ್ನು ಭಾರವಾಗಿಸಿತು.

ಮುದಕವ್ವ ಮೂಲೆಯಲ್ಲಿರಲಿಲ್ಲ. ಬಾಗಿಲೆದುರಿನ ಕಟ್ಟೆಯ ಮೇಲೆ, ಇಳಕಲ್ಲ ಸೀರೆಯುಟ್ಟು, ಹಣೆಯ ತುಂಬ ವಿಭೂತಿ ಧರಿಸಿ, ನೆಟ್ಟಗೆ ಕುಳಿತಿದ್ದಳು. ಸೊಸೆ ಫಕೀರವ್ವ ಹಿಂದಿನಿಂದ, ಸೆರಗಿನ ಮರೆಯಲ್ಲಿ, ಆಕೆಯ ಬೆನ್ನಿಗೆ ಕೈ ಆನಿಸಿದ್ದಳು.

“ಏನವ್ವಾ,” ಎಂದರು ಅಧಿಕಾರಿ, “ನಿನಗ ದಮ್ಮ ಐತೇನು? ಕೆಮ್ಮ ಬರ್ತೈತೇನು?”

“ಇಲ್ಲೋ ಯಪ್ಪಾ,” ಎಂದಳು ಮುದಕವ್ವ, ಒಂದೇ ಉಸಿರಿನಲ್ಲಿ. “ಗಟ್ಟಿ ಅದೀನಿ.”

ಅಷ್ಟು ಹೇಳಿ ತುಟಿ ಬಿಗಿದಳು. ಅಧಿಕಾರಿ ಆಕೆಯ ಮುಖವನ್ನೇ ನೋಡುತ್ತ ನಿಂತರು. ಅವರು ಪ್ರಾಮಾಣಿಕರಾಗಿದ್ದುದರಿಂದ ಅವಸರ ಮಾಡಲಿಲ್ಲ. ಮುದಕವ್ವನ ಗಂಟಲಿನ ಕುಳಿ ಒಳಗೆ ಸೆಳೆಯುತ್ತಿತ್ತು. ಕೊರಳಿನ ನರಗಳು ಎದ್ದು ನಿಂತವು. ಕಣ್ಣಿನಲ್ಲಿ ನೀರು ತುಂಬಿತು. ಆ ನೀರಿನೊಳಗಿನಿಂದ ಆಕೆ ಶಿದ್ಲಿಂಗಪ್ಪನವರನ್ನು ನೋಡಿ ನಗಲು ಯತ್ನಿಸಿದಳು. ಕೆಮ್ಮನ್ನು ತಡೆಹಿಡಿದಿದ್ದಾಳೆ, ತನಗಾಗಿ ತಡೆಹಿಡಿದಿದ್ದಾಳೆ. ವೈದ್ಯರಿಗೆ ಎಲ್ಲವೂ ತಿಳಿಯಿತು. ಇನ್ನು ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಸಾಕು. ಆ ತಡೆ ಒಡೆಯುತ್ತದೆ, ಅಧಿಕಾರಿ ಕಣ್ಣಾರೆ ಕಾಣುತ್ತಾರೆ, ಗ್ರಾಂಟು ಬರುತ್ತದೆ, ಡಬ್ಬಿಗಳು ತುಂಬುತ್ತವೆ, ಇದೇ ಮುದುಕಿಗೆ ಜೇನು ದೊರೆಯುತ್ತದೆ.

ಆಕೆಯ ತುಟಿ ನೀಲಿಗಟ್ಟತೊಡಗಿತು.

“ನಡೀರಿ ಸಾಹೇಬ್ರ,” ಎಂದರು ಶಿದ್ಲಿಂಗಪ್ಪನವರು. “ಹೋಗೂಣ್ರಿ. ಇಲ್ಲಿ ಯಾರಿಗೂ ಏನೂ ಇಲ್ಲ.”

“ಈಗಷ್ಟ ಬಾಳ ಮಂದಿ ಅದಾರ ಅಂದ್ರಿ. ಈಗ ಇಲ್ಲ ಅಂತೀರಿ. ಯಾವದ ಖರೆ?”

“ಈಗ ಹೇಳಿದ್ದ ಬರ್ಕೋರಿ. ಲಗೂನ ನಡೀರಿ.”

ಅವರು ಅಧಿಕಾರಿಯ ತೋಳನ್ನು ಹಿಡಿದು ಬಹುತೇಕ ಎಳೆದುಕೊಂಡೇ ಹೋದರು. ಮಾನವಂತನೊಬ್ಬ ಸುಳ್ಳು ಬಯಲಾದಾಗ ಹೀಗೆಯೇ ಅವಸರಿಸುತ್ತಾನೆಂದು ಅಧಿಕಾರಿ ತಿಳಿದಿರಬೇಕು. ಮತ್ತೇನನ್ನೂ ಕೇಳದೆ, ಕನಿಕರದಿಂದ ಕೈಮುಗಿದು, ಜೀಪು ಹತ್ತಿದರು. ಧೂಳು ಇಳಿಯುವ ಮೊದಲೇ ಶಿದ್ಲಿಂಗಪ್ಪನವರು ಬಡಿಗೇರ ಓಣಿಗೆ ಓಡಿದ್ದರು. ಕೆಮ್ಮು ಓಣಿಯ ಬಾಯಿಗೇ ಕೇಳಿಸಿತು. ಮುದಕವ್ವನನ್ನು ಎದೆಗೆ ಆನಿಸಿಕೊಂಡು ಬೆನ್ನು ನೀವುತ್ತ, ಉಳಿದಿದ್ದ ಹಿಪ್ಪಲಿಯನ್ನೆಲ್ಲ ಅರೆಯಿಸಿ ಕುಡಿಸಿ, ಇಳಿಹೊತ್ತಿನವರೆಗೆ ಅಲ್ಲಿಯೇ ಕುಳಿತರು. ಉಸಿರು ಹದಕ್ಕೆ ಬಂದಾಗ ಆಕೆ ಕಣ್ಣು ತೆರೆದಳು.

“ನಾ ಕೆಮ್ಮಲಿಲ್ಲ... ನೋಡ್ರಿ... ವೈದ್ಯರ.”

“ಹೌದು ಆಯಿ. ನೀ ಕೆಮ್ಮಲಿಲ್ಲ. ಬಾಳ ಚೊಲೊ ಮಾಡಿದಿ.”

ಹೊರಗೆ ಚಕ್ಕಡಿಗಳು ಬರತೊಡಗಿದ್ದವು. ಊರಿನ ಜ್ವರದವರು, ಹುಣ್ಣಿನವರು, ಬಾಣಂತಿಯರು, ಎಲ್ಲರನ್ನೂ ನಸುಕಿನಲ್ಲಿಯೇ ಗೌಡನು ತನ್ನ ತೋಟದ ಗುಡಿಸಲಿಗೆ ಸಾಗಿಸಿದ್ದನು. ಈಗ ಅವರೆಲ್ಲ, ಬಿಸಿಲಿನಲ್ಲಿ ಬೆಂದು, ಗೆದ್ದು ಬಂದವರ ಹರ್ಷದಿಂದ ಇಳಿಯುತ್ತಿದ್ದರು. “ವೈದ್ಯರ ಹೆಸರ ಉಳೀತಿಲ್ಲ?” ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಅವರಲ್ಲಿ ಅನೇಕರು ನೇರವಾಗಿ ಶಿದ್ಲಿಂಗಪ್ಪನವರ ಅಂಗಳಕ್ಕೆ ಹೋಗಿ ಸರದಿಯಲ್ಲಿ ಕುಳಿತರು.

ಶ್ರಾವಣದ ಮೊದಲಿಗೆ ಸರಕಾರದ ಉತ್ತರ ಬಂದಿತು. ಟಪಾಲಿನವನು ಅದನ್ನು ಚಾವಡಿಯಲ್ಲಿ ಕೊಟ್ಟನಾದ್ದರಿಂದ ಪರಪ್ಪಗೌಡನೇ ವೈದ್ಯರನ್ನು ಕರೆಸಿ, ಒಡೆದು ಗಟ್ಟಿಯಾಗಿ ಓದಿದನು: ಕರಡಿಹಾಳದಲ್ಲಿ ಜನಾರೋಗ್ಯವು ಅತ್ಯಂತ ತೃಪ್ತಿಕರವಾಗಿದೆ; ಸದರಿ ಗ್ರಾಮದಲ್ಲಿ ರೋಗಬಾಧೆ ಕಂಡುಬಂದಿಲ್ಲ. ಮುಂದೆ, ಅನುದಾನವನ್ನು ಅವಶ್ಯಕತೆಯುಳ್ಳ ಅನ್ಯ ಗ್ರಾಮಕ್ಕೆ ಕೊಡಲಾಗಿದೆಯೆಂಬ ಸಾಲೂ ಇದ್ದಿತು. ಆದರೆ ಅಷ್ಟರಲ್ಲಿ ಜನರ ಉಘೇ ಎಂಬ ಕೂಗು ಎದ್ದಿತ್ತು. ಯಲ್ಲಪ್ಪ ತೆಂಗಿನಕಾಯಿ ಒಡೆದನು.

“ಸರಕಾರದವ್ರ ಬರದ ಕೊಟ್ಟಾರ!” ಎಂದು ಗೌಡನು ಕಾಗದವನ್ನು ಎತ್ತಿ ತೋರಿಸಿದನು. “ಸುತ್ತಿನ ಯಾವ ಊರಿಗೆ ಐತಿ ಇಂಥಾ ಮಾತು? ಆ ಕಡೀ ಸಾಲು ಬಿಡ್ರಿ ವೈದ್ಯರ, ಅದು ಕಾರಕೂನ ಬರದದ್ದಿರಬೇಕು. ಇಷ್ಟ ಹೊಗಳಿದ ಮ್ಯಾಲ ರೊಕ್ಕ ಬಂದ ಬರ್ತೈತಿ. ತಡಾ ಆಕ್ಕೈತಿ ಅಷ್ಟ.”

“ಆಗಬಹುದು ಗೌಡ್ರ,” ಎಂದರು ಶಿದ್ಲಿಂಗಪ್ಪನವರು.

ಮನೆಗೆ ಬಂದಾಗ ಸೀತವ್ವ ಕೇಳಿದಳು: “ಒಂದ ಮಾತ ತಿಳಿಸಿ ಹೇಳಬಾರದೇನ್ರಿ ಅವ್ರಿಗೆ?”

“ಹೇಳಿದ್ರ ಗ್ರಾಂಟ ಬರೂದಿಲ್ಲ. ಅವ್ರ ಖುಷಿ ಅಷ್ಟ ಹೋಕ್ಕೈತಿ. ಮತ್ತ ಮುದಕವ್ವಗ ಏನಂತ ಹೇಳ್ಲಿ? ನೀ ಕೆಮ್ಮಿದ್ದರ ನಾ ಊರಾಗ ಉಳೀತಿದ್ದೆ ಅಂತ ಹೇಳ್ಲೇನ?”

ಸೀತವ್ವ ಕಪಾಟಿನ ಖಾಲಿ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ ತೊಳೆಯತೊಡಗಿದಳು. ಔಷಧವಿಲ್ಲದ ವೈದ್ಯನು ಊರಿನಲ್ಲಿ ಕುಳಿತಿದ್ದರೆ ರೋಗಿಗಳು ಬೇರೆ ದಾರಿಯನ್ನೂ ಹುಡುಕದೆ ಅವನನ್ನೇ ನಂಬಿ ಸಾಯುತ್ತಾರೆ. ಅದಕ್ಕಿಂತ ಬಾಗಿಲು ಮುಚ್ಚಿದ್ದರೆ ಮೂಡಲಗಿಯ ಡಾಕ್ಟರನ ಹತ್ತಿರಕ್ಕಾದರೂ ಹೋದಾರು ಎಂದು ಶಿದ್ಲಿಂಗಪ್ಪನವರು ನಿಶ್ಚಯಿಸಿದ್ದರು. ಹೋಗಲಾರದವರು ಯಾರ್‍ಯಾರೆಂಬುದೂ ಅವರಿಗೆ ಗೊತ್ತಿತ್ತು.

ಸತ್ಯಪ್ಪನಿಗೆ ಒಪ್ಪಿಗೆ ಹೇಳಿಕಳುಹಿಸಿ ಹುಕ್ಕೇರಿಗೆ ಹೊರಡುವ ದಿನ ಗೌಡನೇ ತನ್ನ ಚಕ್ಕಡಿಯನ್ನು ಹೂಡಿಸಿದನು. “ಗ್ರಾಂಟ ಬಂದ ಕೂಡ್ಲೆ ಯಲ್ಲಪ್ಪನ್ನ ಕಳಸ್ತೇನಿ. ಅಲ್ಲೀತನಕ ಅಷ್ಟ ಹುಕ್ಕೇರಿ. ಬಾಳ ದಿನ ಇರಬ್ಯಾಡ್ರಿ ಮತ್ತ.”

“ಆತ್ರಿ ಗೌಡ್ರ.”

ಮುದಕವ್ವನ ಮನೆಯ ಮುಂದೆ ಚಕ್ಕಡಿ ನಿಂತಿತು. ಆಕೆ ಒಳಗಿನ ಮೂಲೆಯಿಂದಲೇ ಕೈಯೆತ್ತಿ ಹರಸಿದಳು. ಅವರು ಫಕೀರವ್ವನ ಕೈಗೆ ಒಂದು ಪೊಟ್ಟಣವನ್ನು ಕೊಟ್ಟು, ಇದನ್ನು ಹೇಗೆ ಕುದಿಸಬೇಕೆಂದು ಹೇಳಿದರು. ಪೊಟ್ಟಣ ಹಗುರವಾಗಿತ್ತು.

“ಇದು ತೀರಿದ ಮ್ಯಾಲ್ರಿ?” ಎಂದಳು ಫಕೀರವ್ವ.

ಶಿದ್ಲಿಂಗಪ್ಪನವರು ಎತ್ತುಗಳ ಕಡೆ ನೋಡಿದರು. ಚಕ್ಕಡಿ ಮುಂದೆ ಸಾಗಿತು.

ಹುಕ್ಕೇರಿಯಲ್ಲಿ ಮೊದಲ ಬೆಳಗು. ಸ್ನಾನ ಪೂಜೆಗಳನ್ನು ಮುಗಿಸಿ ಅವರು ಅಂಗಡಿಗೆ ಬಂದಾಗ ಸತ್ಯಪ್ಪ ಸಾವಕಾರ ಗಲ್ಲಾಪೆಟ್ಟಿಗೆಗೆ ಊದಿನಕಡ್ಡಿ ಬೆಳಗುತ್ತಿದ್ದನು. ಕದದ ಹಲಿಗೆಗಳನ್ನು ಇನ್ನೂ ತೆಗೆದಿರಲಿಲ್ಲ. ಅಭ್ಯಾಸಬಲದಿಂದ ಶಿದ್ಲಿಂಗಪ್ಪನವರ ಕೈ ಹಲಿಗೆಯ ಮೇಲೆ ಹೋಯಿತು, ಕಣ್ಣು ಮುಚ್ಚಿತು, ತುಟಿ ತೆರೆಯಿತು.

“ಹಾಂ, ಅನ್ರಿ ವೈದ್ಯರ, ಅನ್ರಿ,” ಎಂದನು ಸಾವಕಾರ ಭಕ್ತಿಯಿಂದ. “ಬೋಣಿಗಿ ಚೊಲೊ ಆಗ್ಲಿ ಅಂತ ಅನ್ರಿ. ನಿಮ್ಮಂಥಾವ್ರ ಬಾಯಿ ಮಾತ ಫಲಿಸ್ತೈತಿ.”

ಅವನ ಉಪ್ಪನ್ನು ಉಣ್ಣಲು ಬಂದು, ಅವನ ಹೊಸ್ತಿಲಲ್ಲಿ ನಿಂತು, ಅವನ ಅಂಗಡಿಗೆ ಯಾರೂ ಬಾರದಿರಲೆಂದು ಬೇಡುವುದು ಹೇಗೆ? ಬೇಡದೆ ಈ ಹೊಸ್ತಿಲು ದಾಟುವುದು ಹೇಗೆ? ಶಿದ್ಲಿಂಗಪ್ಪನವರ ತುಟಿಗಳು ಮುಚ್ಚಿಕೊಂಡವು.

ಸಾವಕಾರನು ತಾನೇ ಹಲಿಗೆಗಳನ್ನು ಸರಿಸಿದನು. ಕಟ್ಟೆಯ ಕೆಳಗೆ, ಬೀದಿಯ ಅರ್ಧದವರೆಗೆ, ಜನ ಕುಳಿತಿದ್ದರು: ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡವರು, ತಲೆಗೆ ಬಟ್ಟೆ ಬಿಗಿದವರು, ಕೆಮ್ಮುವವರು.

“ನೋಡ್ರಿ, ನೋಡ್ರಿ!” ಎಂದು ಅವನು ಕೈಯುಜ್ಜಿಕೊಂಡನು. “ಎಂಥಾ ಕಾಲ್ಗುಣಾರೀ ನಿಮ್ಮದು!”

ಶಿದ್ಲಿಂಗಪ್ಪನವರು ಆ ಮುಖಗಳಲ್ಲಿ ಒಂದೊಂದನ್ನೂ ನೋಡಿದರು. ಕರಡಿಹಾಳದವರು ಯಾರೂ ಇರಲಿಲ್ಲ. ಅಷ್ಟು ದೂರ ನಡೆದು ಬರಬಲ್ಲ ಉಸಿರು ಅಲ್ಲಿ ಯಾರಿಗಿತ್ತು? ಅವರು ಕಟ್ಟೆಯ ಮೇಲೆ ಕುಳಿತು ಮೊದಲನೆಯವನ ಕೈ ಹಿಡಿದರು.